ಬೆಟ್ಟದ ಹಾದಿಯ ದೂರದ ಸೈಕಲ್ ರೇಸ್: ಹೆಸರು ಕೊಟ್ಟ ದಿನದಿಂದ ಕೊನೆಯ ಏರಿನ ತನಕ

ವಾರಕ್ಕೆ ಮೂರ್ನಾಲ್ಕು ದಿನ ಸೈಕಲ್ ತುಳಿಯುತ್ತೀರಿ. 80–100 ಕಿಮೀ ಹೋಗಿ ಬಂದರೂ ಮಾರನೇ ದಿನದ ಕೆಲಸಕ್ಕೆ ತೊಂದರೆಯಾಗುವುದಿಲ್ಲ. ಈಗ ದೊಡ್ಡದೊಂದು ರೇಸಿಗೆ, ಅಂದರೆ 150–200 ಕಿಮೀ ದೂರ, ಮೂರು ನಾಲ್ಕು ದೊಡ್ಡ ಘಾಟಿ, ಇಷ್ಟು ಹೊತ್ತಿನೊಳಗೆ ಮುಗಿಸಲೇಬೇಕು ಅನ್ನುವ ಗಡುವು ಇರುವಂಥದ್ದಕ್ಕೆ ಹೆಸರು ಕೊಡೋಣ ಅನ್ನಿಸಿದೆ. ಈ ಬರಹ ಅಂಥವರಿಗಾಗಿ. ಗೆಲ್ಲುವ ಗುಟ್ಟು ಇಲ್ಲಿಲ್ಲ. ಗಡುವಿನೊಳಗೆ, ಮೈ ಕೆಡಿಸಿಕೊಳ್ಳದೆ, ಕೊನೆಯ ಏರನ್ನೂ ಸೈಕಲ್ ಮೇಲೆ ಕೂತೇ ಹತ್ತುವುದು ಹೇಗೆ ಅನ್ನುವುದಷ್ಟೇ ಇದೆ.

ನನ್ನ ಮೊದಲ ರೇಸಿನಲ್ಲಿ ನನಗೆ ಅದು ಆಗಲಿಲ್ಲ. 130ನೇ ಕಿಲೋಮೀಟರಿನ ಹತ್ತಿರ ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ, ಮತ್ತೆ ಏಳಲಾಗಲಿಲ್ಲ. ಸೈಕಲ್ ಚೆನ್ನಾಗಿತ್ತು, ಕಾಲಿಗೆ ನೋವಿರಲಿಲ್ಲ. ಬೆಳಗಿನ ಮೊದಲ ಏರಿನಲ್ಲಿ ನನಗಿಂತ ಗಟ್ಟಿಗರ ಹಿಂದೆ ಬಿದ್ದು ಹತ್ತಿದ್ದೆ, ಮೊದಲ ಮೂರು ಗಂಟೆಯಲ್ಲಿ ತಿಂದದ್ದು ಒಂದೇ ಬಾಳೆಹಣ್ಣು. ಅಷ್ಟೇ ಕಾರಣ. ಇಂಥ ರೇಸ್ ಕೈತಪ್ಪುವುದು ಮೊದಲ ಎರಡು ಗಂಟೆಯಲ್ಲೇ, ನಮಗೆ ಗೊತ್ತಾಗುವುದು ಮಾತ್ರ ಮಧ್ಯಾಹ್ನ. ಕೆಳಗಿನ ಹಂತಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಹಂತ 1: ದೂರ ನೋಡಬೇಡಿ, ಏರು ನೋಡಿ

ಸ್ವೀಡನ್ನಿನ ವೆಟರ್ನ್‌ರುಂಡಾನ್ ಒಂದು ದೊಡ್ಡ ಸರೋವರದ ಸುತ್ತ 315 ಕಿಮೀ. ಫ್ರಾನ್ಸಿನ ಲಾ ಮಾರ್ಮೊಟ್ ಸುಮಾರು 175 ಕಿಮೀ. ಸಂಖ್ಯೆ ನೋಡಿದರೆ ಎರಡನೆಯದು ಸುಲಭ ಅನ್ನಿಸುತ್ತೆ, ಅಲ್ವಾ? ಆದರೆ ಅದರಲ್ಲಿ ಒಟ್ಟು ಏರು ಸುಮಾರು 5000 ಮೀಟರ್. ಗ್ಲಾಂಡನ್, ಟೆಲಿಗ್ರಾಫ್, 2642 ಮೀಟರ್ ಎತ್ತರದ ಗಾಲಿಬಿಯೆ, ಇಷ್ಟೂ ಹತ್ತಿ ಇಳಿದ ಮೇಲೆ ಆಲ್ಪ್ ಡ್ಯುಯೆಜ್ ಏರಬೇಕು. ಇಟಲಿಯ ಮಾರಾಟೋನಾ ಡ್ಲೆಸ್ ಡೋಲೊಮಿಟೆಸ್ ಇನ್ನೂ ಕಡಿಮೆ, 138 ಕಿಮೀ, ಆದರೂ 4230 ಮೀಟರ್ ಏರು. ಇದರಲ್ಲಿ 106 ಮತ್ತು 55 ಕಿಮೀಯ ಚಿಕ್ಕ ಹಾದಿಗಳೂ ಇವೆ. ಮೊದಲ ವರ್ಷ ಮಧ್ಯದ ಹಾದಿ ಆರಿಸಿಕೊಂಡರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹೆಸರು ಕೊಡುವ ಮುಂಚೆ ಒಂದು ಲೆಕ್ಕ ಮಾಡಿ. ಅರ್ಧ ಗಂಟೆಗಿಂತ ಉದ್ದದ ಏರೊಂದನ್ನು, ಮಾತಾಡಲು ಆಗುವಷ್ಟು ಆರಾಮಾಗಿ ಹತ್ತಿ, ಗಂಟೆಗೆ ಎಷ್ಟು ಮೀಟರ್ ಎತ್ತರ ಏರುತ್ತೀರಿ ಅಂತ ನೋಡಿ. 600 ಬಂತು ಅನ್ನಿ. ಹಾಗಾದರೆ 5000 ಮೀಟರ್ ಏರಿಗೇ 8 ಗಂಟೆ 20 ನಿಮಿಷ ಬೇಕು. ಉಳಿದ ನೂರು ಕಿಮೀ ಇಳಿಜಾರು ಮತ್ತು ಸಮತಟ್ಟಿಗೆ ಮೂರೂವರೆ ಗಂಟೆ. ನೀರು ತುಂಬಿಸಲು, ಶೌಚಕ್ಕೆ, ಒಂದು ಪಂಕ್ಚರಿಗೆ ಅಂತ 40 ನಿಮಿಷ. ಒಟ್ಟು ಹನ್ನೆರಡೂವರೆ ಗಂಟೆ. ಈಗ ರೇಸಿನ ನಿಯಮ ತೆಗೆದು ಕೊನೆಯ ಗಡುವು ನೋಡಿ, ದಾರಿ ಮಧ್ಯದ ಗಡುವುಗಳನ್ನೂ ನೋಡಿ. ಮಧ್ಯದವೇ ಜಾಸ್ತಿ ಬಿಗಿ ಇರುತ್ತವೆ. ನಿಮ್ಮ ಲೆಕ್ಕಕ್ಕೂ ಗಡುವಿಗೂ ನಡುವೆ ಒಂದು ಗಂಟೆಯಾದರೂ ಇಲ್ಲದಿದ್ದರೆ ಚಿಕ್ಕ ಹಾದಿ ಆರಿಸಿ, ಇಲ್ಲವೇ ಒಂದು ವರ್ಷ ತಡೆಯಿರಿ.

ಕೆಲವು ರೇಸ್‌ಗಳು ವೈದ್ಯರ ಪ್ರಮಾಣಪತ್ರ ಕೇಳುತ್ತವೆ. ಕೇಳದಿದ್ದರೂ ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು ಒಮ್ಮೆ ತೋರಿಸಿಕೊಳ್ಳಿ. ಇದು ಸುಮ್ನೆ ಹೇಳುವ ಮಾತಲ್ಲ. ಹತ್ತು ಹನ್ನೆರಡು ಗಂಟೆ ಹೃದಯ ಒಂದೇ ಸಮ ದುಡಿಯಬೇಕು.

ಹಂತ 2: ಸೈಕಲ್ಲಿನಲ್ಲಿ ಮೊದಲು ಗೇರ್ ಬದಲಿಸಿ

ಹಣ ಖರ್ಚು ಮಾಡುವ ಮನಸ್ಸಿದ್ದರೆ ಹಗುರ ಚಕ್ರಕ್ಕಿಂತ ಮೊದಲು ಸುಲಭದ ಗೇರ್ ಹಾಕಿಸಿ. ಮುಂದಿನ ಚಿಕ್ಕ ಹಲ್ಲುಚಕ್ರ 34 ಹಲ್ಲು, ಹಿಂದಿನ ದೊಡ್ಡದು 28 ಹಲ್ಲು ಇದ್ದರೆ, ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ ಸುಮಾರು 9.2 ಕಿಮೀ ವೇಗ ಬರುತ್ತೆ. ಹಿಂದೆಯೂ 34 ಇದ್ದರೆ ಅದೇ 60 ಸುತ್ತಿಗೆ ಏಳೂವರೆ ಕಿಮೀ. ಎಂಟು ಪರ್ಸೆಂಟ್ ಏರಿನಲ್ಲಿ ಏಳೂವರೆ ಕಿಮೀ ವೇಗ ಅಂದರೆ ಗಂಟೆಗೆ 600 ಮೀಟರ್ ಎತ್ತರ, ಮೇಲೆ ಲೆಕ್ಕ ಹಾಕಿದ್ದು ಅದೇ. 28 ಹಲ್ಲಿನಲ್ಲಿ ಅದೇ ವೇಗಕ್ಕೆ ಇಳಿದರೆ ನಿಮಿಷಕ್ಕೆ 49 ಸುತ್ತಿಗೆ ಬರುತ್ತೀರಿ. ಒಂದು ಗಂಟೆ ಹಾಗೆ ತುಳಿಯಬಹುದು, ಎಂಟು ಗಂಟೆ ತುಳಿದರೆ ಮಂಡಿ ಕೇಳುವುದಿಲ್ಲ. ದೊಡ್ಡ ಹಲ್ಲುಚಕ್ರ ಹಾಕಿಸಿದಾಗ ಚೈನಿನ ಉದ್ದವೂ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅದನ್ನು ತಾಳುತ್ತದೆಯೇ ಅನ್ನುವುದೂ ನೋಡಬೇಕು.

ಎರಡನೆಯದು ಕೂರುವ ಭಂಗಿ. ಸೀಟಿನ ಎತ್ತರಕ್ಕೆ ಸುಲಭದ ಪರೀಕ್ಷೆ ಇದೆ: ಪೆಡಲ್ ಅತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಪಾದದ ಮುಂಭಾಗ ಇಟ್ಟಾಗ ಮಂಡಿ ಸ್ವಲ್ಪ ಬಾಗಿರಬೇಕು. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಿರಬಹುದು, ಹಿಂದೆ ಬಂದರೆ ಎತ್ತರ ಇರಬಹುದು. ಒಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರಿಗಿಂತ ಜಾಸ್ತಿ ಬದಲಿಸಬೇಡಿ. ನಾಲ್ಕು ಗಂಟೆಯ ಸವಾರಿಯಲ್ಲಿ ಸಣ್ಣಗೆ ಕಾಡುವ ನೋವು ಹತ್ತು ಗಂಟೆಯಲ್ಲಿ ನಿಮ್ಮನ್ನು ಕೆಳಗಿಳಿಸುತ್ತೆ, ಹಾಗಾಗಿ ತಡೆದುಕೊಂಡರಾಯಿತು ಅಂದುಕೊಳ್ಳಬೇಡಿ. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ.

ಟಯರ್ 28 ಮಿಮೀ ಇದ್ದರೆ ಒಳ್ಳೆಯದು. ಗಾಳಿಯನ್ನು ಟಯರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡದ ತನಕ ತುಂಬಿಸಬೇಡಿ. 70 ಕೆಜಿ ಆಸುಪಾಸಿನವರಿಗೆ 70–75 ಪಿಎಸ್‌ಐ ಸಾಕು. ಹೊಸ ಟಯರ್, ಹೊಸ ಚೈನ್, ಹೊಸ ಬ್ರೇಕ್ ಪ್ಯಾಡ್ ಏನೇ ಹಾಕಿಸಿದರೂ ರೇಸಿಗೆ ಎರಡು ಮೂರು ವಾರ ಮುಂಚೆಯೇ ಹಾಕಿಸಿ ಒಂದು ಉದ್ದ ಸವಾರಿ ಮಾಡಿ ನೋಡಿ. ಒಮ್ಮೆ ನಾನು ಹಿಂದಿನ ದಿನ ಗೇರ್ ಕೇಬಲ್ ಬದಲಿಸಿಕೊಂಡೆ. ಹೊಸ ಕೇಬಲ್ ಎಳೆದಂತೆ ಸಡಿಲವಾಗುತ್ತೆ, ಮೊದಲ ಘಾಟಿಯಲ್ಲೇ ಚೈನ್ ತಾನಾಗಿ ಹಾರತೊಡಗಿತು.

ಹಂತ 3: ಹದಿನಾರು ವಾರದ ತಯಾರಿ

ವಾರಕ್ಕೆ ಎಂಟರಿಂದ ಹತ್ತು ಗಂಟೆ ಸಿಕ್ಕರೆ ಸಾಕು. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ದೇಹ ಗಟ್ಟಿಯಾಗುವುದು ಆ ನಾಲ್ಕನೇ ವಾರದಲ್ಲಿ, ಅದಕ್ಕೇ ಅದನ್ನು ಕದಿಯಬೇಡಿ.

ವಾರದಲ್ಲಿ ಒಂದು ಉದ್ದ ಸವಾರಿ ಇರಲೇಬೇಕು. ನಾಲ್ಕು ಗಂಟೆಯಿಂದ ಶುರು ಮಾಡಿ ಹನ್ನೆರಡು ಹದಿಮೂರನೇ ವಾರದ ಹೊತ್ತಿಗೆ ಏಳು ಗಂಟೆಗೆ ತನ್ನಿ. ರೇಸಿನ ಪೂರ್ತಿ ದೂರವನ್ನು ಮೊದಲೇ ತುಳಿದು ನೋಡುವ ಅಗತ್ಯವಿಲ್ಲ, ಅದರ ದಣಿವು ಇಳಿಯಲು ಎರಡು ವಾರ ಹೋಗುತ್ತೆ. ಅದಕ್ಕಿಂತ ಶನಿವಾರ ಐದು ಗಂಟೆ, ಭಾನುವಾರ ನಾಲ್ಕು ಗಂಟೆ ತುಳಿಯಿರಿ. ಭಾನುವಾರದ ಆ ಭಾರವಾದ ಕಾಲೇ ರೇಸಿನ ಮೂರನೇ ಘಾಟಿಯ ಕಾಲು.

ಇನ್ನೊಂದು ದಿನ ಗಟ್ಟಿ ಕೆಲಸ: 20 ನಿಮಿಷದ ಏರು, ಹತ್ತು ನಿಮಿಷ ಬಿಡುವು, ಮತ್ತೆ 20 ನಿಮಿಷ. ತುಳಿಯುವ ಬಲವನ್ನು ವ್ಯಾಟಿನಲ್ಲಿ ಅಳೆಯುವ ಪವರ್ ಮೀಟರ್ ಇದ್ದವರು 20 ನಿಮಿಷ ಪೂರ್ತಿ ಬಲ ಹಾಕಿ ತುಳಿದು ಬಂದ ಸರಾಸರಿ ವ್ಯಾಟಿನ 95 ಪರ್ಸೆಂಟನ್ನು ತಮ್ಮ ಎಫ್‌ಟಿಪಿ (ಸುಮಾರು ಒಂದು ಗಂಟೆ ಒಂದೇ ಸಮ ಹಾಕಬಲ್ಲ ಗರಿಷ್ಠ ಬಲ) ಅಂತ ಇಟ್ಟುಕೊಂಡು, ಅದರ 88–94 ಪರ್ಸೆಂಟಿನಲ್ಲಿ ಈ ಏರು ಮಾಡಬಹುದು. ಮೀಟರ್ ಇಲ್ಲದವರಿಗೆ ಬಾಯೇ ಮೀಟರ್. ಮೂರು ನಾಲ್ಕು ಪದ ಹೇಳುವಷ್ಟರಲ್ಲಿ ಉಸಿರು ಬೇಕಾದರೆ ಅದು ಗಟ್ಟಿ ಕೆಲಸ. ಪೂರ್ತಿ ವಾಕ್ಯ ಸರಾಗವಾಗಿ ಬಂದರೆ ಅದು ಆರಾಮ. ಉಳಿದ ದಿನಗಳೆಲ್ಲ ಆರಾಮಾಗಿಯೇ ಇರಲಿ. ಹೊಸಬರು ಎಡವುವುದು ಇಲ್ಲೇ, ದಿನವೂ ಅರ್ಧಂಬರ್ಧ ಗಟ್ಟಿಯಾಗಿ ತುಳಿದು ಯಾವಾಗಲೂ ಸುಸ್ತಾಗಿರುತ್ತಾರೆ.

ಹತ್ತಿರದಲ್ಲಿ ಬೆಟ್ಟವೇ ಇಲ್ಲವೇ? ಎದುರು ಗಾಳಿಯಲ್ಲಿ ನಿಮಿಷಕ್ಕೆ 60–65 ಸುತ್ತಿನ ಭಾರದ ಗೇರಿನಲ್ಲಿ, ತುಳಿಯುವುದನ್ನು ಒಂದು ಕ್ಷಣವೂ ನಿಲ್ಲಿಸದೆ 40 ನಿಮಿಷ ಹೋಗಿ. ಘಾಟಿಯಲ್ಲಿ ಕಷ್ಟ ಕೊಡುವುದು ಅದೇ, ಬಿಡುವಿಲ್ಲದಿರುವುದು. ಸೊಂಟಕ್ಕೆ, ಕುತ್ತಿಗೆಗೆ ವಾರಕ್ಕೆರಡು ಸಲ ಹದಿನೈದು ನಿಮಿಷದ ವ್ಯಾಯಾಮ ಮಾಡಿ.

ಹಂತ 4: ಹೊಟ್ಟೆಗೂ ತರಬೇತಿ ಕೊಡಿ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಕಾಲಿಗೆ ಹದಿನಾರು ವಾರ ಕೊಟ್ಟು ಹೊಟ್ಟೆಗೆ ಒಂದು ದಿನವೂ ಕೊಡದವರನ್ನು ಪ್ರತಿ ರೇಸಿನಲ್ಲೂ ದಾರಿ ಬದಿಯಲ್ಲಿ ನೋಡಿದ್ದೇನೆ.

ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವ ಸಕ್ಕರೆ ಸುಮಾರು 400–500 ಗ್ರಾಂ, ಹೆಚ್ಚೆಂದರೆ 2000 ಕ್ಯಾಲೊರಿ. ಘಾಟಿಯಲ್ಲಿ ಗಂಟೆಗೆ 500–700 ಕ್ಯಾಲೊರಿ ಖರ್ಚಾಗುತ್ತೆ. ಕೊಬ್ಬಿನಿಂದ ಒಂದಷ್ಟು ಬರುತ್ತದೆ ನಿಜ, ಆದರೆ ಅದು ನಿಧಾನ, ಗಟ್ಟಿಯಾಗಿ ತುಳಿದಷ್ಟೂ ಸಕ್ಕರೆಯ ಪಾಲೇ ಜಾಸ್ತಿ. ಏನೂ ತಿನ್ನದೆ ಹೋದರೆ ಮೂರ್ನಾಲ್ಕು ಗಂಟೆಯಲ್ಲಿ ಕಣಜ ಖಾಲಿ. ಆಮೇಲೆ ಆಗುವುದು ಬರೀ ಸುಸ್ತಲ್ಲ. ತಲೆ ಮಂಕಾಗುತ್ತೆ, ಕೈ ನಡುಗುತ್ತೆ, ಸಣ್ಣ ಏರೂ ಗೋಡೆಯ ಹಾಗೆ ಕಾಣುತ್ತೆ. ಆಗ ತಿಂದದ್ದು ಕಾಲಿಗೆ ಮುಟ್ಟುವುದರೊಳಗೆ ಗಡುವು ದಾಟಿರುತ್ತೆ.

ಹಾಗಾಗಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಹಿಂಡಿಕೊಂಡು ನುಂಗುವ ಸಕ್ಕರೆ ಪಾಕದಂಥ ಜೆಲ್‌ನ ಒಂದು ಪೊಟ್ಟಣದಲ್ಲೂ ಹೆಚ್ಚುಕಡಿಮೆ ಅಷ್ಟೇ, ಬಾಟಲಿಯಲ್ಲಿ ಕಲಸಿಕೊಂಡ ಪುಡಿಯಿಂದ 30–40 ಗ್ರಾಂ. ಕರುಳಿನಲ್ಲಿ ಗ್ಲೂಕೋಸ್ ಒಳಗೆ ಹೋಗಲು ಒಂದು ಬಾಗಿಲಿದೆ, ಅದರಲ್ಲಿ ಗಂಟೆಗೆ 60 ಗ್ರಾಂ ಆಸುಪಾಸು ಮಾತ್ರ ನುಗ್ಗುತ್ತೆ. ಫ್ರಕ್ಟೋಸಿಗೆ ಬೇರೆಯೇ ಬಾಗಿಲು. ಆದ್ದರಿಂದ ಎರಡು ಪಾಲು ಗ್ಲೂಕೋಸಿಗೆ ಒಂದು ಪಾಲು ಫ್ರಕ್ಟೋಸ್ ಸೇರಿಸಿದರೆ ಗಂಟೆಗೆ 90 ಗ್ರಾಂ ತನಕ ಹೋಗಬಹುದು. ಆದರೆ ಮೊದಲ ದಿನವೇ 90ಕ್ಕೆ ಹಾರಿದರೆ ಹೊಟ್ಟೆ ಉಬ್ಬಿ ವಾಂತಿ ಬರುತ್ತೆ. ವಾರದ ಉದ್ದ ಸವಾರಿಯಲ್ಲಿ 40 ಗ್ರಾಂನಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ ಹತ್ತು ಗ್ರಾಂ ಏರಿಸುತ್ತಾ ಹೋಗಿ. ರೇಸಿನಲ್ಲಿ ಏನು ತಿನ್ನುತ್ತೀರೋ ಅದನ್ನೇ, ಅದೇ ಹೊತ್ತಿಗೆ, ಏರಿನಲ್ಲಿ ತುಳಿಯುತ್ತಲೇ ತಿನ್ನಿ. ಸೈಕಲ್ ಕಂಪ್ಯೂಟರಿನಲ್ಲಿ 20 ನಿಮಿಷಕ್ಕೊಂದು ಅಲಾರಂ ಇಟ್ಟರೆ ಹಸಿವನ್ನು ಕಾಯುವ ಚಟ ತಪ್ಪುತ್ತದೆ.

ನೀರಿನ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಒಂದು ಗಂಟೆ ತುಳಿಯುವ ಮುಂಚೆ ಮತ್ತು ಆದ ಮೇಲೆ ಬಟ್ಟೆ ಬಿಚ್ಚಿ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ, ಒಂದು ಲೀಟರ್ ಮತ್ತು ಅದರ ಜೊತೆಗೆ ನಡುವೆ ಕುಡಿದಷ್ಟೂ ಬೆವರಾಗಿ ಹೋಗಿದೆ ಅಂತ. ಬಹಳ ಜನಕ್ಕೆ ಗಂಟೆಗೆ 500–800 ಮಿಲಿ ಸರಿಹೋಗುತ್ತೆ, ಬಿಸಿಲಿದ್ದರೆ ಜಾಸ್ತಿ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಕುತ್ತಾಗಬಹುದು. ತುಳಿದ ಮೇಲೆ ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ ಅಂತಲೇ ಲೆಕ್ಕ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 400 ಮಿಗ್ರಾಂ ಸೋಡಿಯಂ ಇರುತ್ತೆ. ಲೀಟರಿಗೆ ಒಂದೂವರೆ ಗ್ರಾಂ ಉಪ್ಪು ಹಾಕಿಕೊಂಡರೆ ಸಾಮಾನ್ಯ ಬೆವರಿನವರಿಗೆ ಸಾಕು. ಬಿಪಿ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಉಪ್ಪು ಹಾಕಿಕೊಳ್ಳಲಿ.

ಹಂತ 5: ಗುಂಪಿನಲ್ಲಿ ಹೋಗುವುದು, ಬೆಟ್ಟ ಇಳಿಯುವುದು

ಸಮತಟ್ಟಿನಲ್ಲಿ ಇನ್ನೊಬ್ಬರ ಚಕ್ರದ ಹಿಂದೆ ಹೋದರೆ ಕಾಲು ಭಾಗಕ್ಕೂ ಜಾಸ್ತಿ ಶಕ್ತಿ ಉಳಿಯುತ್ತೆ. ಲಾ ಮಾರ್ಮೊಟ್‌ನಲ್ಲಿ ಗ್ಲಾಂಡನ್ ಇಳಿದ ಮೇಲೆ ಟೆಲಿಗ್ರಾಫ್ ಶುರುವಾಗುವ ತನಕ ಕಣಿವೆಯ ಉದ್ದನೆಯ ರಸ್ತೆಯಿದೆ. ಅಲ್ಲಿ ಒಂಟಿಯಾಗಿ ಗಾಳಿಗೆ ಎದೆಕೊಟ್ಟು ಹೋದವರು ಆ ಶಕ್ತಿಯ ಸಾಲವನ್ನು ಗಾಲಿಬಿಯೆಯಲ್ಲಿ ತೀರಿಸುತ್ತಾರೆ. ಎರಡು ನಿಮಿಷ ನಿಧಾನ ಮಾಡಿ, ಹಿಂದಿನ ಗುಂಪು ಬರಲಿ, ಅದರೊಳಗೆ ಸೇರಿಕೊಳ್ಳಿ. ನಿಮ್ಮ ಸರದಿ ಬಂದಾಗ ಮುಂದೆ ಹೋಗಿ ಸ್ವಲ್ಪ ಹೊತ್ತು ಗಾಳಿ ತೆಗೆದುಕೊಳ್ಳಿ, ಅದು ಗುಂಪಿನ ಮರ್ಯಾದೆ. ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ನಿಮ್ಮ ಮುಂದಿನ ಚಕ್ರ ತರಬೇಡಿ. ಅವರು ಸ್ವಲ್ಪ ವಾಲಿದರೂ ಬೀಳುವುದು ನೀವು, ನಿಮ್ಮ ಹಿಂದಿನವರೂ ಸಹ. ಇದನ್ನು ರೇಸಿಗೆ ಮುಂಚೆ ಪರಿಚಿತರ ಜೊತೆ ಕಲಿಯಬೇಕು.

ಇಳಿಜಾರಿನಲ್ಲಿ ಗಳಿಸುವುದು ಕೆಲವೇ ನಿಮಿಷ, ಕಳೆದುಕೊಳ್ಳುವುದು ಬಹಳ. ಗ್ಲಾಂಡನ್ ಇಳಿಜಾರಿನಲ್ಲಿ ಅಪಘಾತಗಳಾದ ಕಾರಣ ಅಲ್ಲಿ ರೇಸಿನ ಸಮಯದ ಲೆಕ್ಕವನ್ನೇ ನಿಲ್ಲಿಸುವ ಪದ್ಧತಿ ತಂದರು. ತಿರುವಿಗೆ ಮುಂಚೆ, ರಸ್ತೆ ನೇರ ಇರುವಾಗಲೇ ಬ್ರೇಕ್ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಟ್ಟುಬಿಡಿ. ಹೊರಬದಿಯ ಪೆಡಲ್ ಕೆಳಗಿರಲಿ, ಅದರ ಮೇಲೆ ಭಾರ ಇರಲಿ. ಕಣ್ಣು ತಿರುವು ಮುಗಿಯುವ ಕಡೆಗೆ ಇರಲಿ, ಗುಂಡಿಯನ್ನೇ ದಿಟ್ಟಿಸಿದರೆ ಸೈಕಲ್ ಅಲ್ಲಿಗೇ ಹೋಗುತ್ತೆ. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದುಕೊಂಡೇ ಇಳಿಯಬೇಡಿ. ರಿಮ್ ಬ್ರೇಕಿನ ಚಕ್ರ ಕಾದು ಟ್ಯೂಬ್ ಒಡೆಯುವುದುಂಟು. ಬೆವರಿದ ಮೈಗೆ ಘಾಟಿಯ ತುದಿಯ ಗಾಳಿ ಬಡಿದರೆ ಹತ್ತೇ ನಿಮಿಷದಲ್ಲಿ ಬೆರಳು ಮರಗಟ್ಟುತ್ತವೆ, ಆಮೇಲೆ ಬ್ರೇಕ್ ಹಿಡಿಯಲೂ ಆಗುವುದಿಲ್ಲ. ಕೆಳಗೆ ಎಷ್ಟೇ ಸೆಕೆ ಇದ್ದರೂ ಗಾಳಿ ತಡೆಯುವ ತೆಳು ಜಾಕೆಟ್ ಜೇಬಿನಲ್ಲಿರಬೇಕು.

ಹಂತ 6: ಕೊನೆಯ ಎರಡು ವಾರ

ತುಳಿಯುವ ಹೊತ್ತನ್ನು ಅರ್ಧಕ್ಕೆ ಇಳಿಸಿ. ಗಟ್ಟಿ ಕೆಲಸವನ್ನು ಪೂರ್ತಿ ಬಿಡಬೇಡಿ, ಚಿಕ್ಕದಾಗಿ ಮಾಡಿ. ಈ ದಿನಗಳಲ್ಲಿ ಕಾಲು ಜಡವಾಗಿದೆ, ತಯಾರಿ ಸಾಲದು ಅನ್ನಿಸಿ ಕೊನೆಯದೊಂದು ದೊಡ್ಡ ಸವಾರಿಗೆ ಮನಸ್ಸು ಎಳೆಯುತ್ತೆ. ಹೋಗಬೇಡಿ. ಈಗ ಮಾಡಿದ ಕಸರತ್ತು ರೇಸಿನ ಹೊತ್ತಿಗೆ ಶಕ್ತಿಯಾಗಿ ಬರುವುದಿಲ್ಲ, ದಣಿವಾಗಿ ಮಾತ್ರ ಉಳಿಯುತ್ತೆ.

ಕೊನೆಯ ಎರಡು ದಿನ ಅನ್ನ, ಬ್ರೆಡ್ಡು, ಆಲೂಗಡ್ಡೆಯಂಥವನ್ನು ಜಾಸ್ತಿ ಮಾಡಿ, ತೂಕದ ಪ್ರತಿ ಕೆಜಿಗೆ ದಿನಕ್ಕೆ ಎಂಟರಿಂದ ಹತ್ತು ಗ್ರಾಂ ಕಾರ್ಬೋಹೈಡ್ರೇಟ್ ಆಗುವಂತೆ. ಎಣ್ಣೆ, ನಾರು, ಖಾರ ಕಡಿಮೆ ಮಾಡಿ. ತೂಕ ಒಂದು ಕೆಜಿ ಏರಿದರೆ ಗಾಬರಿ ಬೇಡ, ಗ್ಲೈಕೋಜನ್ ಜೊತೆಗೆ ನೀರೂ ಕೂಡಿಕೊಳ್ಳುತ್ತೆ.

ಹಿಂದಿನ ಸಂಜೆ ಎಲ್ಲವನ್ನೂ ಜೋಡಿಸಿಡಿ. ಎರಡು ಟ್ಯೂಬ್, ಟಯರ್ ಲಿವರ್, ಪಂಪು, ಮಲ್ಟಿಟೂಲ್, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್, ಜಾಕೆಟ್, ಗುರುತಿನ ಚೀಟಿ, ಸ್ವಲ್ಪ ಹಣ, ಫೋನು. ಒಂದು ಚೀಟಿಯಲ್ಲಿ ಘಾಟಿಗಳ ಉದ್ದ, ಊಟ ನೀರಿನ ತಾಣಗಳು, ಮಧ್ಯದ ಗಡುವು ಬರೆದು ಹ್ಯಾಂಡಲ್ ಹತ್ತಿರ ಅಂಟಿಸಿ. ರಾತ್ರಿ ನಿದ್ದೆ ಬರದಿದ್ದರೆ ಚಿಂತೆ ಬೇಡ. ಅದರ ಹಿಂದಿನ ಎರಡು ರಾತ್ರಿ ಚೆನ್ನಾಗಿ ಮಲಗಿದ್ದರೆ ಸಾಕು.

ಹಂತ 7: ರೇಸಿನ ದಿನ

ಮೂರು ಗಂಟೆ ಮುಂಚೆ ತಿಂಡಿ, ಅಭ್ಯಾಸದಲ್ಲಿ ತಿಂದದ್ದೇ. ಹೊಸ ಜೆಲ್, ಹೊಸ ಬೂಟು, ಹೊಸ ಚಡ್ಡಿ ಯಾವುದೂ ಬೇಡ. ಯುದ್ಧಕಾಲೇ ಶಸ್ತ್ರಾಭ್ಯಾಸ ಇಲ್ಲಿ ನಡೆಯುವುದಿಲ್ಲ.

ಶುರುವಾದ ಕೂಡಲೇ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ ಬಿಡಿ. ಮೊದಲ ಘಾಟಿಯಲ್ಲಿ ನಿಮ್ಮ ಎಫ್‌ಟಿಪಿಯ 70–75 ಪರ್ಸೆಂಟ್ ದಾಟಬೇಡಿ. ಮೀಟರ್ ಇಲ್ಲದಿದ್ದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಂತಿರಿ. ಇದು ತೀರಾ ನಿಧಾನ ಅನ್ನಿಸಬೇಕು, ಅನ್ನಿಸಿದರೆ ಸರಿ ಇದ್ದೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಆ ಹಾಸಿಗೆಯನ್ನು ನೀವು ಹದಿನಾರು ವಾರದಲ್ಲಿ ಅಳೆದಿದ್ದೀರಿ. ಮೊದಲ ತುತ್ತು 20ನೇ ನಿಮಿಷಕ್ಕೆ.

ಊಟದ ತಾಣದಲ್ಲಿ ಇಳಿಯುವ ಮುಂಚೆಯೇ ಏನು ಮಾಡಬೇಕು ಅಂತ ಬಾಯಲ್ಲಿ ಹೇಳಿಕೊಳ್ಳಿ: ಬಾಟಲಿ, ತಿಂಡಿ, ಹೊರಡು. ಐದು ತಾಣದಲ್ಲಿ ಐದೈದು ನಿಮಿಷ ಜಾಸ್ತಿ ನಿಂತರೂ 25 ನಿಮಿಷ ಹೋಯಿತು. ಅದನ್ನು ತುಳಿದು ಗಳಿಸಲು ಎಷ್ಟು ಕಷ್ಟ ಅಂತ ಕೊನೆಯ ಏರಿನಲ್ಲಿ ಗೊತ್ತಾಗುತ್ತೆ.

ಎರಡು ಸಾವಿರ ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗಿ ಅದೇ ಉಸಿರಿಗೆ ವ್ಯಾಟ್ ಕಡಿಮೆ ಬರುತ್ತೆ. ಅಲ್ಲಿ ಸಂಖ್ಯೆಯನ್ನು ಬೆನ್ನಟ್ಟಬೇಡಿ, ಉಸಿರು ನೋಡಿಕೊಂಡು ಹೋಗಿ. ಕಾಲಿಗೆ ಸೆಡೆತ ಬಂದರೆ ಗೇರ್ ಇಳಿಸಿ, ನಿಧಾನ ಮಾಡಿ, ಆಗದಿದ್ದರೆ ಇಳಿದು ಎಳೆದು ಚಾಚಿ. ಇದು ಉಪ್ಪಿನ ಕೊರತೆಗಿಂತ ದಣಿವಿನಿಂದ ಬರುವುದೇ ಜಾಸ್ತಿ. ಹೊಟ್ಟೆ ತೊಳಸಿದರೆ ಹದಿನೈದು ನಿಮಿಷ ಬಲ ಇಳಿಸಿ, ಬರೀ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ, ಆಮೇಲೆ ಸ್ವಲ್ಪ ಸ್ವಲ್ಪ ತಿನ್ನಿ. ಎದೆ ನೋವು, ತಲೆ ತಿರುಗಿ ಮಾತು ತಡವರಿಸುವುದು, ನಿಲ್ಲದ ನಡುಕ, ಇವುಗಳಲ್ಲಿ ಯಾವುದು ಬಂದರೂ ಅಲ್ಲೇ ನಿಲ್ಲಿಸಿ ಸಹಾಯ ಕೇಳಿ. ಇದರಲ್ಲಿ ಯೋಚನೆಯೇ ಬೇಡ.

ಕೊನೆಯ ಏರನ್ನು ತುಂಡು ಮಾಡಿಕೊಳ್ಳಿ. ಆಲ್ಪ್ ಡ್ಯುಯೆಜ್ 13.8 ಕಿಮೀ, ಸರಾಸರಿ 8.1 ಪರ್ಸೆಂಟ್, 21 ತಿರುವು. ತಿರುವಿನ ಫಲಕಗಳ ಸಂಖ್ಯೆ ಕೆಳಗಿನಿಂದ 21, 20, 19 ಅಂತ ಇಳಿಯುತ್ತಾ ಬರುತ್ತೆ. ಬುಡದ ಒಂದೆರಡು ಕಿಮೀಯೇ ಎಲ್ಲಕ್ಕಿಂತ ಕಡಿದು, ಅಲ್ಲಿ ಅತಿ ಸುಲಭದ ಗೇರಿನಲ್ಲಿ ಸುಮ್ಮನೆ ದಾಟಿಕೊಂಡರೆ ಮೇಲೆ ಸ್ವಲ್ಪ ಸಡಿಲವಾಗುತ್ತೆ. ತಿರುವಿನ ಹೊರ ಅಂಚಿನಲ್ಲಿ ಹೋದರೆ ಏರು ಕಡಿಮೆ, ಅಲ್ಲಿ ಎರಡು ಉಸಿರು ಸಿಗುತ್ತೆ. ಮುಂದಿನ ಫಲಕದ ತನಕ ಮಾತ್ರ ಯೋಚಿಸಿ. ಎರಡನೇ ಸಲ ನಾನು ಹತ್ತಿದ್ದು ಹಾಗೆಯೇ. ಬೆಳಗ್ಗೆ ನನ್ನನ್ನು ದಾಟಿ ಹೋದವರಲ್ಲಿ ಕೆಲವರು ಅಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು, ಅವರ ಮುಖ ನೋಡಿದಾಗ ಕಲ್ಲಿನ ಮೇಲೆ ಕೂತಿದ್ದ ನಾನು ನೆನಪಾದೆ. ಜೇಬಿನಲ್ಲಿ ಉಳಿದಿದ್ದ ಜೆಲ್ ಒಬ್ಬರಿಗೆ ಕೊಟ್ಟೆ.

ಗೆರೆ ದಾಟಿದ ಮೇಲೂ ಒಂದು ಕೆಲಸ ಬಾಕಿ. ಬಹಳ ರೇಸ್‌ಗಳು ಬೆಟ್ಟದ ತುದಿಯಲ್ಲಿ ಮುಗಿಯುತ್ತವೆ, ಉಳಿದುಕೊಂಡ ಜಾಗ ಕೆಳಗಿರುತ್ತೆ. ಒಣ ಬಟ್ಟೆ ಹಾಕಿಕೊಳ್ಳಿ, ಏನಾದರೂ ತಿನ್ನಿ, ಅರ್ಧ ಗಂಟೆ ಕೂತುಕೊಳ್ಳಿ. ಕೈ ಬ್ರೇಕನ್ನು ಗಟ್ಟಿಯಾಗಿ ಹಿಡಿಯುತ್ತೆ ಅನ್ನಿಸಿದ ಮೇಲೆ ಇಳಿಯಿರಿ. ಅನ್ನಿಸದಿದ್ದರೆ ಸೈಕಲ್ಲನ್ನು ಗಾಡಿಯೊಂದಕ್ಕೆ ಹಾಕಿಸಿಕೊಂಡು ಬನ್ನಿ.